ಹಾನ್ಸ್ ಗ್ರೋಸ್: ವಸ್ತುಗಳ ಮಾತು ಕೇಳಿದ ಮೇಷ್ಟ್ರು, ಮಗನ ಮಾತು ಕೇಳದ ಅಪ್ಪ

ಶಂಕರಘಟ್ಟದಲ್ಲಿ ಕಳೆದ ವಾರ ಶಿವಮೊಗ್ಗದ ಬಸ್ಸಿಗೆ ಕಾಯುತ್ತಾ ಚಹಾದಂಗಡಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಕೂತ ಎಂಎಸ್ಸಿ ಹುಡುಗನೊಬ್ಬ ಮಾತಿಗೆ ಸಿಕ್ಕ. ಫೊರೆನ್ಸಿಕ್ ಕಡೆ ಹೋಗಬೇಕು ಅಂತ ಅವನಿಗೆ ಆಸೆ. ಮುಂದೆ ಮೇಷ್ಟ್ರಾಗಬೇಕು ಅಂತಲೂ ಇದೆ. ಎರಡೂ ಒಟ್ಟಿಗೆ ಆಗುತ್ತಾ ಅನ್ನೋದು ಅವನ ಪ್ರಶ್ನೆ. ನಾನು ಅವನಿಗೆ ಹಾನ್ಸ್ ಗ್ರೋಸ್‌ನ ಕತೆ ಹೇಳತೊಡಗಿದೆ. ಅರ್ಧ ಹೇಳುವಷ್ಟರಲ್ಲಿ ಬಸ್ಸು ಬಂತು. ಉಳಿದ ಅರ್ಧವೇ ಮುಖ್ಯವಾದದ್ದು. ಹಾಗಾಗಿ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಗ್ರೋಸ್ ಹುಟ್ಟಿದ್ದು 1847ರಲ್ಲಿ, ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ. ಕಾನೂನು ಓದಿ ತನಿಖಾ ಮ್ಯಾಜಿಸ್ಟ್ರೇಟ್ ಆದ. ಅಲ್ಲಿನ ಪದ್ಧತಿಯಲ್ಲಿ ಅಪರಾಧ ನಡೆದ ಜಾಗಕ್ಕೆ ಹೋಗುವುದು, ಸಾಕ್ಷಿಗಳನ್ನು ವಿಚಾರಿಸುವುದು, ಕಡತ ಕಟ್ಟುವುದು ಎಲ್ಲ ಈ ಮ್ಯಾಜಿಸ್ಟ್ರೇಟನ ತಲೆಮೇಲೆ. ಕಾನೂನು ಕಾಲೇಜು ಅವನಿಗೆ ಕಲಂಗಳನ್ನು ಕಲಿಸಿತ್ತು. ಕೆಸರಿನಲ್ಲಿ ಮೂಡಿದ ಹೆಜ್ಜೆಯನ್ನು ಹೇಗೆ ಕಾಪಾಡಬೇಕು, ಒಣಗಿದ ಕಲೆ ರಕ್ತವೋ ತುಕ್ಕೋ ಅಂತ ಯಾರನ್ನು ಕೇಳಬೇಕು ಅನ್ನೋದನ್ನು ಕಲಿಸಿರಲಿಲ್ಲ.

ಸುಮಾರು ಎರಡು ದಶಕ ಹಳ್ಳಿ ಪಟ್ಟಣ ಸುತ್ತಿದ ಮೇಲೆ ಅವನಿಗೆ ಒಂದು ವಿಷಯ ಗಟ್ಟಿಯಾಯಿತು. ಕಣ್ಣಾರೆ ಕಂಡೆ ಅನ್ನುವವನು ಸುಳ್ಳುಗಾರನಾಗಿರಬೇಕಿಲ್ಲ, ಪ್ರಾಮಾಣಿಕವಾಗಿಯೇ ತಪ್ಪಾಗಿ ಕಂಡಿರಬಹುದು. ಭಯ, ಕತ್ತಲು, ಊರಿನ ಗುಸುಗುಸು ಎಲ್ಲವೂ ನೆನಪಿನೊಳಗೆ ಸೇರಿಬಿಡುತ್ತವೆ. ವಸ್ತುವಿಗೆ ಆ ತೊಂದರೆ ಇಲ್ಲ. ಅದನ್ನು ಓದುವವನು ತಪ್ಪಬಹುದು, ಆದರೆ ಮತ್ತೊಬ್ಬ ಬಂದು ತಿರುಗಿ ಓದಬಹುದು. ಈ ಅನುಭವದಿಂದ 1893ರಲ್ಲಿ ತನಿಖಾ ಮ್ಯಾಜಿಸ್ಟ್ರೇಟರಿಗಾಗಿ ಒಂದು ಕೈಪಿಡಿ ಬರೆದ. ಸೂಕ್ಷ್ಮದರ್ಶಕ, ಛಾಯಾಚಿತ್ರ, ರಸಾಯನಶಾಸ್ತ್ರ, ಕೈಬರಹ, ವಿಷ, ಆಯುಧ ಎಲ್ಲವೂ ಅದರಲ್ಲಿವೆ. ಸ್ಥಳಕ್ಕೆ ಒಯ್ಯಬೇಕಾದ ಚೀಲದ ಪಟ್ಟಿಯೂ ಇದೆ: ಕಾಗದ, ಅಳತೆ ಪಟ್ಟಿ, ಮೇಣದಬತ್ತಿ, ಹೆಜ್ಜೆಯಚ್ಚು ತೆಗೆಯಲು ಪ್ಲಾಸ್ಟರ್. ಸಾಕ್ಷಿಯಾಗಿ ಸಿಗುವ ಮಕ್ಕಳು ಹೆದರದಿರಲಿ ಅಂತ ಒಂದಿಷ್ಟು ಮಿಠಾಯಿ ಕೂಡ.

ಆ ಕೈಪಿಡಿ ನಮ್ಮ ಬಾಗಿಲಿಗೂ ಬಂತು ಅಂದರೆ ಹುಡುಗನಿಗೆ ಆಶ್ಚರ್ಯವಾಯಿತು. 1906ರಲ್ಲಿ ಅದರ ಇಂಗ್ಲಿಷ್ ಆವೃತ್ತಿ ಹೊರಬಂದದ್ದು ಮದರಾಸಿನಲ್ಲಿ. ಅಲ್ಲಿನ ಸರ್ಕಾರಿ ವಕೀಲರಾಗಿದ್ದ ಜಾನ್ ಆಡಮ್ ಮತ್ತು ಜೆ. ಕಾಲಿಯರ್ ಆಡಮ್ ಅದನ್ನು ಭಾರತದ ಪದ್ಧತಿಗೆ ಹೊಂದಿಸಿ ಅನುವಾದಿಸಿದ್ದರು. ಆಗ ಬಳ್ಳಾರಿ, ಮಂಗಳೂರು, ಕಾಸರಗೋಡು ಎಲ್ಲ ಮದರಾಸು ಪ್ರಾಂತ್ಯದಲ್ಲೇ ಇದ್ದವು.

ಮೇಷ್ಟ್ರುಗಿರಿ ಅವನಿಗೆ ತಡವಾಗಿ ಸಿಕ್ಕಿತು. ಪೊಲೀಸರ ಕೆಲಸವನ್ನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವುದೇನಿದೆ ಅನ್ನುವ ಧೋರಣೆ ಕಾನೂನು ವಿಭಾಗಗಳಲ್ಲಿತ್ತು. ಆದರೂ ಐವತ್ತರ ಹೊತ್ತಿಗೆ ಚೆರ್ನೊವಿಟ್ಸ್‌ನಲ್ಲಿ ಪ್ರಾಧ್ಯಾಪಕನಾದ. 1898ರಲ್ಲಿ ಸ್ವಂತ ಸಂಶೋಧನಾ ಪತ್ರಿಕೆ ಶುರುಮಾಡಿದ. 1902ರಲ್ಲಿ ಪ್ರಾಗ್‌ಗೆ ಹೋದ. ಅಲ್ಲಿ ಅವನ ಪಾಠ ಕೇಳಿದವರಲ್ಲಿ ಫ್ರಾಂಜ್ ಕಾಫ್ಕಾ ಎಂಬ ಕಾನೂನು ವಿದ್ಯಾರ್ಥಿಯೂ ಇದ್ದ. 1905ರಲ್ಲಿ ಗ್ರಾಟ್ಸ್‌ಗೆ ಮರಳಿದ. ನ್ಯಾಯಾಲಯದಲ್ಲಿದ್ದಾಗ ಕೂಡಿಹಾಕಿದ್ದ ಆಯುಧ, ಖೋಟಾ ನೋಟು, ತಲೆಬುರುಡೆಗಳ ವಸ್ತುಸಂಗ್ರಹವನ್ನು ಪಾಠದ ಸಾಮಗ್ರಿ ಮಾಡಿಕೊಂಡು, ಅದೇ ವಿಶ್ವವಿದ್ಯಾಲಯದಲ್ಲಿ ಅಪರಾಧ ವಿಜ್ಞಾನದ ಸಂಸ್ಥೆ ಕಟ್ಟಿದ.

ಬಸ್ಸು ಬಂದದ್ದು ಇಲ್ಲಿ. ಹುಡುಗ ಖುಷಿಯಾಗಿ ಎದ್ದು ಹೋದ.

ಅವನಿಗೆ ಹೇಳದೆ ಉಳಿದದ್ದು ಇದು. ಸಾಕ್ಷಿಗಳ ಪೂರ್ವಗ್ರಹದ ಬಗ್ಗೆ ಅಷ್ಟು ಎಚ್ಚರಿಸಿದ ಗ್ರೋಸ್, ತನ್ನ ಪೂರ್ವಗ್ರಹವನ್ನು ಮಾತ್ರ ಶಾಸ್ತ್ರ ಅಂತಲೇ ಬರೆದ. ಅದೇ ಕೈಪಿಡಿಯಲ್ಲಿ ರೋಮಾ ಅಲೆಮಾರಿಗಳನ್ನು ಹುಟ್ಟು ಕಳ್ಳರಂತೆ ಚಿತ್ರಿಸುವ ಅಧ್ಯಾಯವಿದೆ. ಸಮಾಜಕ್ಕೆ ಹೊಂದದವರನ್ನು ದೇಶದಾಚೆ ಸಾಗಹಾಕಬೇಕು ಅಂತಲೂ ವಾದಿಸಿದ. ನಮಗೆ ಇದು ದೂರದ ಕತೆ ಅಲ್ಲ. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಲ್ಲಿನ ಎಷ್ಟೋ ಅಲೆಮಾರಿ ಸಮುದಾಯಗಳ ಹಣೆಗೆ ಇದೇ ಚೀಟಿ ಅಂಟಿಸಿತ್ತು. ಅದು ರದ್ದಾದದ್ದು 1952ರಲ್ಲಿ. ಚೀಟಿಯ ಅಂಟು ಇನ್ನೂ ಪೂರ್ತಿ ಹೋಗಿಲ್ಲ.

ಆಮೇಲೆ ಮಗ ಓಟೋ. ಅವನು ವೈದ್ಯ, ಫ್ರಾಯ್ಡ್‌ನ ದಾರಿಯಲ್ಲಿ ಹೊರಟ ಮನೋವಿಶ್ಲೇಷಕ, ಅರಾಜಕತಾವಾದಿ, ಮಾದಕವಸ್ತುಗಳಿಗೆ ದಾಸನಾಗಿದ್ದವನು. ಅಪ್ಪಂದಿರ ಅಧಿಕಾರವೇ ಸಮಾಜದ ರೋಗ ಅನ್ನೋದು ಅವನ ವಾದ. 1913ರ ನವೆಂಬರಿನಲ್ಲಿ ಅಪ್ಪನ ಪ್ರಯತ್ನದಿಂದ ಬರ್ಲಿನ್ ಪೊಲೀಸರು ಅವನನ್ನು ಹಿಡಿದು ಆಸ್ಟ್ರಿಯಾಕ್ಕೆ ಕಳಿಸಿದರು. ಹುಚ್ಚನೆಂದು ತೀರ್ಮಾನವಾಗಿ ಮಾನಸಿಕ ಆಸ್ಪತ್ರೆಗೆ ಹಾಕಲಾಯಿತು. ಕಾನೂನುಬದ್ಧ ಪೋಷಕ ಯಾರು ಅಂದರೆ ಅದೇ ಅಪ್ಪ. ಲೇಖಕರು, ಕಲಾವಿದರು ಪತ್ರಿಕೆಗಳಲ್ಲಿ ಗಲಾಟೆ ಎಬ್ಬಿಸಿದರು. 1914ರಲ್ಲಿ ಓಟೋ ಹೊರಬಂದ. ಅದೇ ವರ್ಷ ಕಾಫ್ಕಾ, ಕಾರಣ ತಿಳಿಯದೆ ಬಂಧನಕ್ಕೊಳಗಾಗುವವನ ಕಾದಂಬರಿ ಬರೆಯತೊಡಗಿದ. ಎರಡಕ್ಕೂ ನಂಟಿದೆ ಅಂತ ಕೆಲವು ವಿಮರ್ಶಕರು ಹೇಳುತ್ತಾರೆ.

ಅಪ್ಪ ಸತ್ತದ್ದು 1915ರ ಡಿಸೆಂಬರಿನಲ್ಲಿ. ಮಗ 1920ರಲ್ಲಿ, ಬರ್ಲಿನ್‌ನಲ್ಲಿ, ದಿಕ್ಕಿಲ್ಲದವನಂತೆ ತೀರಿಕೊಂಡ.

ವ್ಯಸನಕ್ಕೆ ಬಿದ್ದ ಮಗನ ಬಗ್ಗೆ ಅಪ್ಪನಿಗೆ ಸಂಕಟ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ದೂರುದಾರ, ಪ್ರಭಾವಿ ಮತ್ತು ಪೋಷಕ ಮೂವರೂ ಒಬ್ಬನೇ ಆದಾಗ ಅದನ್ನು ನ್ಯಾಯ ಅನ್ನೋದು ಕಷ್ಟ. ಮ್ಯಾಜಿಸ್ಟ್ರೇಟ್ ಗ್ರೋಸ್‌ನ ಮುಂದೆ ಇಂಥ ಕಡತ ಬಂದಿದ್ದರೆ ಒಪ್ಪುತ್ತಿದ್ದನೋ?

ನಮ್ಮಲ್ಲಿ 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಅನ್ನುತ್ತದೆ ಅದು. ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಅಂದರೆ ಶಂಕರಘಟ್ಟದ ಆ ಹುಡುಗನಂಥವರು ಬೇಕು, ಅವರಿಗೆ ಕಲಿಸುವ ಮೇಷ್ಟ್ರುಗಳೂ ಬೇಕು. ಸೂಕ್ಷ್ಮದರ್ಶಕ ಕೊಂಡು ತರಬಹುದು. ಅದರ ಹಿಂದಿರುವ ಕಣ್ಣಿನಲ್ಲಿ ಜಾತಿ, ಕೇರಿ, ಮನೆತನದ ಧೂಳು ಇದೆಯಾ ಅಂತ ದಿನವೂ ನೋಡಿಕೊಳ್ಳುವುದನ್ನು ಮಾತ್ರ ಕಲಿಸಬೇಕು.

ಹುಡುಗ ಮತ್ತೆ ಸಿಕ್ಕರೆ ಎರಡೂ ಒಟ್ಟಿಗೆ ಆಗುತ್ತೆ ಅಂತಲೇ ಹೇಳುತ್ತೇನೆ. ಈ ಸಲ ಮಗನ ಕತೆಯಿಂದ ಶುರುಮಾಡುತ್ತೇನೆ.