ಹ್ಯಾರಿ ಫರ್ಗುಸನ್: ಚಕ್ರ ಜಾರದ ಉಳುಮೆಗೆ ದಾರಿ ತೋರಿದ ತಂತ್ರಜ್ಞ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದಲ್ಲಿ ತೊಗರಿ ಕಟಾವಿನ ನಂತರ ಮಾಗಿ ಉಳುಮೆ ಮಾಡುವಾಗ ಟ್ರ್ಯಾಕ್ಟರಿನ ಚಕ್ರ ನಿಂತಲ್ಲೇ ಜಾರುವುದು, ತೆಳುವಾದ ಕಪ್ಪು ಮಣ್ಣಿನ ಕೆಳಗಿನ ಸುಣ್ಣಕಲ್ಲಿಗೆ ನೇಗಿಲು ತಾಗುವುದು ರೈತರಿಗೆ ಹೊಸತಲ್ಲ. ಈ ಎರಡೂ ತೊಡಕುಗಳಿಗೆ ಒಂದೇ ಪರಿಹಾರ ರೂಪಿಸಿದವರು ಹ್ಯಾರಿ ಫರ್ಗುಸನ್.

ಐರ್ಲೆಂಡಿನ ಡೌನ್ ಪ್ರಾಂತ್ಯದ ಕೃಷಿಕ ಕುಟುಂಬದಲ್ಲಿ 1884ರ ನವೆಂಬರ್ 4ರಂದು ಜನಿಸಿದ ಅವರು, ಬೆಲ್‌ಫಾಸ್ಟ್ ನಗರದಲ್ಲಿ ಅಣ್ಣನ ವಾಹನ ದುರಸ್ತಿ ಅಂಗಡಿಯಲ್ಲಿ ಕೆಲಸ ಕಲಿತರು. 1909ರ ಡಿಸೆಂಬರ್ 31ರಂದು ತಾವೇ ನಿರ್ಮಿಸಿದ ವಿಮಾನವನ್ನು ಹಾರಿಸಿ ಐರ್ಲೆಂಡಿನ ಮೊದಲ ವೈಮಾನಿಕರೆನಿಸಿದರು. 1917ರಲ್ಲಿ, ಮಹಾಯುದ್ಧದ ಆಹಾರ ಅಭಾವದ ನಡುವೆ, ಟ್ರ್ಯಾಕ್ಟರ್ ಉಳುಮೆಯನ್ನು ಸುಧಾರಿಸುವ ಹೊಣೆ ಅವರಿಗೆ ಒದಗಿತು.

ಆಗ ನೇಗಿಲನ್ನು ಗಾಡಿಯಂತೆ ಹಿಂದೆ ಕಟ್ಟಿ ಎಳೆಯಲಾಗುತ್ತಿತ್ತು. ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚಿ ಚಾಲಕರ ಪ್ರಾಣ ಹೋಗುತ್ತಿತ್ತು. ಚಕ್ರ ಜಾರದಿರಲು ಯಂತ್ರದ ತೂಕ ಹೆಚ್ಚಿಸುವುದೊಂದೇ ಉಪಾಯವಾಗಿತ್ತು. ಆ ತೂಕ ಮಣ್ಣನ್ನು ಅದುಮಿ ಗಟ್ಟಿಗೊಳಿಸುತ್ತಿತ್ತು. ಫರ್ಗುಸನ್ ಕಬ್ಬಿಣ ಸೇರಿಸಲಿಲ್ಲ. ನೇಗಿಲಿನ ಭಾರವನ್ನೇ ಹಿಂಚಕ್ರಗಳ ಮೇಲೆ ಬೀಳುವಂತೆ ಮಾಡಿದರು. 1926ರಲ್ಲಿ ಪೇಟೆಂಟ್ ಪಡೆದ ಅವರ ಹೈಡ್ರಾಲಿಕ್ ವ್ಯವಸ್ಥೆಯು ಎಳೆತ ಹೆಚ್ಚಿದೊಡನೆ ನೇಗಿಲನ್ನು ತುಸು ಮೇಲೆತ್ತುತ್ತದೆ. ಮೂರು ಬಿಂದು ಜೋಡಣೆಯ ಮೇಲಿನ ಕೊಂಡಿ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮಗುಚದಂತೆ ತಡೆಯುತ್ತದೆ.

1938ರಲ್ಲಿ ಹೆನ್ರಿ ಫೋರ್ಡ್ ಅವರೊಂದಿಗೆ ಬರಹವಿಲ್ಲದೆ, ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಫೋರ್ಡರ ಮೊಮ್ಮಗನ ಕಾಲದಲ್ಲಿ ಅದು ಮುರಿದುಬಿತ್ತು. ದೀರ್ಘ ವ್ಯಾಜ್ಯದ ಬಳಿಕ 1952ರಲ್ಲಿ 92.5 ಲಕ್ಷ ಡಾಲರ್ ಪರಿಹಾರ ದೊರೆಯಿತು. ಈ ನಡುವೆ 1946ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವರ ಟಿಇ-20 ಟ್ರ್ಯಾಕ್ಟರ್, ಒಂದು ಟನ್ನಿಗಿಂತ ತುಸು ಹೆಚ್ಚು ತೂಕದ್ದಾದರೂ, ಐದು ಲಕ್ಷಕ್ಕೂ ಮೀರಿ ಹೊರಬಂದಿತು. 1953ರಲ್ಲಿ ಅವರ ಸಂಸ್ಥೆ ಮ್ಯಾಸೆ-ಹ್ಯಾರಿಸ್ ಕಂಪನಿಯೊಡನೆ ವಿಲೀನವಾಯಿತು. 1960ರ ಅಕ್ಟೋಬರ್ 25ರಂದು ಫರ್ಗುಸನ್ ನಿಧನರಾದರು.

ಇಂದು ನಮ್ಮ ಹೊಲಗಳ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಅವರ ಜೋಡಣೆಯೇ ಇದೆ. ರೈತರು ನೇಗಿಲು ಬಳಸುವಾಗ ಡ್ರಾಫ್ಟ್ ಕಂಟ್ರೋಲ್ ಸನ್ನೆಯನ್ನು ಉಪಯೋಗಿಸಬೇಕು. ಮೇಲಿನ ಕೊಂಡಿಯನ್ನು ಬಿಟ್ಟು ಉಪಕರಣ ಎಳೆಯಬಾರದು. ಚಕ್ರದ ಜಾರುವಿಕೆ ತಿಳಿಯಲು ಹಿಂಚಕ್ರಕ್ಕೆ ಸುಣ್ಣದ ಗುರುತು ಹಾಕಿ, ಅದೇ ಹೊಲದಲ್ಲಿ ನೇಗಿಲೆತ್ತಿ ಹತ್ತು ಸುತ್ತಿಗೆ ಸಾಗಿದ ದೂರವನ್ನೂ ಉಳುತ್ತಾ ಹತ್ತು ಸುತ್ತಿಗೆ ಸಾಗಿದ ದೂರವನ್ನೂ ಅಳೆಯಬೇಕು. ಮೊದಲನೆಯದು 40 ಮೀಟರ್, ಎರಡನೆಯದು 34 ಮೀಟರ್ ಆದರೆ ಜಾರುವಿಕೆ ಶೇ. 15. ಇದಕ್ಕಿಂತ ಹೆಚ್ಚಿದ್ದರೆ ಆಳ ತಗ್ಗಿಸುವುದು ಅಥವಾ ಹಸಿ ಆರುವವರೆಗೆ ಕಾಯುವುದು ಸೂಕ್ತ. ಇಲ್ಲವಾದರೆ ಡೀಸೆಲ್, ಟೈರು ಮತ್ತು ಮಣ್ಣು ಮೂರಕ್ಕೂ ನಷ್ಟ.