ಸಿಲ್ವಿಯಾ ಸುತ್ತುತ್ತಲೇ ಇದೆ, ಪಕ್ಕದಲ್ಲಿದ್ದವರ ಹೆಸರೆಲ್ಲಿ?

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮದ್ರಾಸ್ ರೈಲಿಗೆ ಕಾಯುತ್ತಾ ಬೆಳೆದವನು ನಾನು. ಆ ಊರಿಗೆ ಮೊದಲು ಬೌರಿಂಗ್‌ಪೇಟೆ ಅಂತಿದ್ದರು, ಮೈಸೂರಿನ ಬ್ರಿಟಿಷ್ ಕಮಿಷನರ್ ಹೆಸರು. ನಮ್ಮ ಕೆಜಿಎಫ್‌ನಲ್ಲೂ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಗಣಿಗೆ ಇಳಿದ ನಮ್ಮ ತಾತನ ಹೆಸರಲ್ಲಿ ಒಂದು ಗಲ್ಲಿಯೂ ಇಲ್ಲ. ಹಾಗಾಗಿ ನಾರ್ಮನ್ ಪಾಗ್ಸನ್ ಬಗ್ಗೆ ಓದುವಾಗ ನನಗೆ ಮೊದಲು ಬಂದ ಪ್ರಶ್ನೆ: ಇವರ ಪಕ್ಕದಲ್ಲಿ ಯಾರಿದ್ದರು?

ಪಾಗ್ಸನ್ ಸಣ್ಣ ಆಳೇನಲ್ಲ. 1829ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದವರು. ನಕ್ಷತ್ರಗಳ ಹೊಳಪಿಗೆ ಇವತ್ತಿಗೂ ಬಳಸುವ ಅಳತೆಗೋಲನ್ನು 1856ರಲ್ಲಿ ಕೊಟ್ಟವರೇ ಅವರು. ಐದು ಮೆಟ್ಟಿಲು ಅಂದರೆ ಹೊಳಪಿನಲ್ಲಿ 100 ಪಟ್ಟು ವ್ಯತ್ಯಾಸ, ಒಂದು ಮೆಟ್ಟಿಲಿಗೆ ಸುಮಾರು 2.512 ಪಟ್ಟು. ಇಂಜಿನಿಯರಿಂಗ್‌ನಲ್ಲಿ ಲಾಗರಿದಮ್ ಓದಿ ಮರೆತ ನನಗೆ ಅದರ ಸೊಗಸು ಅರ್ಥವಾಗಿದ್ದು ಆಮೇಲೆ.

1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದರು. ಅದೇ ಏಪ್ರಿಲ್‌ನಲ್ಲಿ ಒಂದು ಕ್ಷುದ್ರಗ್ರಹ ಸಿಕ್ಕಿತು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದು, ಹಾಗಾಗಿ ಹೆಸರೂ ಏಷ್ಯಾ. 1866ರ ಮೇ 16ರಂದು ಸಿಕ್ಕಿದ್ದು ಸಿಲ್ವಿಯಾ. ನಮ್ಮೂರ ಮೇಲೆ ಬೆಂಗಳೂರು-ಜೋಲಾರಪೇಟೆ ರೈಲು ಓಡಲು ಶುರುವಾಗಿ ಆಗ ಎರಡೇ ವರ್ಷ.

ಆಗ ದುಡಿಯುತ್ತಿದ್ದದ್ದು ಕಣ್ಣು ಮತ್ತು ತಾಳ್ಮೆ. ಆಕಾಶದ ಒಂದು ತುಂಡಿನ ನಕ್ಷೆ ಬರೆದುಕೊಳ್ಳಬೇಕು, ಮುಂದಿನ ರಾತ್ರಿಗಳಲ್ಲಿ ಮತ್ತೆ ಹೋಲಿಸಬೇಕು. ಜಾಗ ಬದಲಿಸಿದ ಚುಕ್ಕಿಯೇ ಕ್ಷುದ್ರಗ್ರಹ.

ಸಿಲ್ವಿಯಾ ಸುಮಾರು 270 ಕಿಲೋಮೀಟರ್ ಅಗಲದ ದೈತ್ಯ. ಸೂರ್ಯನಿಂದ ಅದರ ಸರಾಸರಿ ದೂರ ನಮ್ಮ ದೂರದ ಮೂರೂವರೆ ಪಟ್ಟು, ಒಂದು ಸುತ್ತಿಗೆ ಆರೂವರೆ ವರ್ಷ. 1880ರಲ್ಲಿ ಜಾನ್ ಟೇಲರ್ ಕಂಪನಿ ನಮ್ಮೂರಿಗೆ ಬಂದಾಗಿನಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಅದು 18 ಸುತ್ತು ಮುಗಿಸಿತ್ತು. ಅದಕ್ಕೆ ಎರಡು ಚಂದ್ರರೂ ಇವೆ, ರೊಮುಲಸ್ ಮತ್ತು ರೆಮಸ್. ಎರಡು ಚಂದ್ರರಿರುವ ಕ್ಷುದ್ರಗ್ರಹ ಅಂತ ಗೊತ್ತಾಗಿದ್ದು ಇದೇ ಮೊದಲು. ಪಾಗ್ಸನ್‌ಗೆ ಅವು ಕಾಣುವ ಮಾತೇ ಇರಲಿಲ್ಲ.

ಪಕ್ಕದಲ್ಲಿದ್ದವರ ಪೈಕಿ ಇಬ್ಬರ ಬಗ್ಗೆಯಾದರೂ ಹೇಳಲೇಬೇಕು. ಒಬ್ಬರು ಚಿಂತಾಮಣಿ ರಘುನಾಥಾಚಾರಿ. ವೀಕ್ಷಣಾಲಯದ ಪ್ರಥಮ ಸಹಾಯಕ. 1867ರಲ್ಲಿ ಹೊಳಪು ಬದಲಾಗುವ ಒಂದು ನಕ್ಷತ್ರವನ್ನು ಗುರುತಿಸಿದರು. 1874ರ ಶುಕ್ರ ಸಂಕ್ರಮಣದ ಬಗ್ಗೆ ಜನಸಾಮಾನ್ಯರಿಗಾಗಿ ಬರೆದ ಅವರ ಕಿರುಪುಸ್ತಕ ಕನ್ನಡದಲ್ಲೂ ಬಂತು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೊಬ್ಬರು ಮಗಳು ಐಸಿಸ್. 1873ರಿಂದ ಅಲ್ಲೇ ಲೆಕ್ಕ ಹಾಕುವ ಕೆಲಸ. 1886ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಗೆ ಅಪ್ಪನೇ ಅವರ ಹೆಸರು ಸೂಚಿಸಿದರು. ಹೆಂಗಸು ಅನ್ನೋ ಕಾರಣಕ್ಕೆ ಆಗಲಿಲ್ಲ. ಅವರಿಗೆ ಬಾಗಿಲು ತೆರೆದಿದ್ದು 1920ರಲ್ಲಿ, ಅಪ್ಪ ಮದ್ರಾಸಿನಲ್ಲೇ 1891ರಲ್ಲಿ ತೀರಿಕೊಂಡು 29 ವರ್ಷದ ಮೇಲೆ.

ಪಾಗ್ಸನ್ ಹೆಸರು ಅಳಿಸಿ ಅಂತ ನಾನು ಹೇಳುತ್ತಿಲ್ಲ. ಅವರ ರಾತ್ರಿಗಳು ಅವರವೇ. ಆದರೆ ಒಂದು ಸಂಸ್ಥೆಯ ಶ್ರಮವೆಲ್ಲ ಒಂದೇ ಹೆಸರಿಗೆ ಜಮೆಯಾಗುವ ಪದ್ಧತಿ ಕೆಜಿಎಫ್‌ನವರಿಗೆ ಹೊಸದಲ್ಲ. ಮದ್ರಾಸ್ ವೀಕ್ಷಣಾಲಯದ ಪರಂಪರೆ ಕೊಡೈಕೆನಾಲ್ ದಾಟಿ ಇವತ್ತು ಬೆಂಗಳೂರಿನ ಕೋರಮಂಗಲದಲ್ಲಿದೆ, ಭಾರತೀಯ ಖಭೌತ ಸಂಸ್ಥೆಯಾಗಿ. ಅಂದರೆ ರಘುನಾಥಾಚಾರಿ ನಮಗೆ ದೂರದವರಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಪಾಗ್ಸನ್ ಬರುವ ದಿನ, ಅದೇ ಪುಟದಲ್ಲಿ ಅವರಿಬ್ಬರೂ ಬರಲಿ. ಗಣಿ ಬಗ್ಗೆ ಪಾಠ ಬರೆಯುವವರೂ ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ನಮ್ಮ ತಾತನಂಥವರಿಗೂ ಒಂದು ಸಾಲು ಸಿಕ್ಕೀತು.