ವಿಶ್ವೇಶ್ವರಯ್ಯನವರೂ ಘಟ್ಟದ ದಾರಿಯೂ

ಸಕಲೇಶಪುರ, ಆಲೂರುಗಳ ಬೆಟ್ಟಸಾಲಿನಲ್ಲಿ ಕಾಫಿ, ಏಲಕ್ಕಿಗಳನ್ನು ಬೆಳೆದವರು ಬಹುಕಾಲ ಅವನ್ನು ಗಾಡಿಗಳಲ್ಲಿ ಹೇರಿ, ಘಟ್ಟವಿಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ಬೆಳೆ ಮೈಸೂರು ಸಂಸ್ಥಾನದ್ದು. ಬಂದರು ಮದರಾಸು ಆಧಿಪತ್ಯದ್ದು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸರ್ ಎಂ. ವಿಶ್ವೇಶ್ವರಯ್ಯನವರ ಸಾಧನೆಯೂ ಅವರಿಗೊದಗಿದ ಅಡಚಣೆಯೂ ಏಕಕಾಲಕ್ಕೆ ಮನದಟ್ಟಾಗುವುವು.

ಮುದ್ದೇನಹಳ್ಳಿಯಲ್ಲಿ ಜನಿಸಿ, ಮುಂಬಯಿ ಸರ್ಕಾರದ ಇಂಜಿನಿಯರರಾಗಿ ಕೀರ್ತಿ ಪಡೆದ ಅವರು 1898ರಲ್ಲಿ ಜಪಾನನ್ನು ಸಂದರ್ಶಿಸಿದರು. ಯೂರೋಪಿನಲ್ಲಿ ಜರ್ಮನಿ, ರಷ್ಯಗಳಂತೆ ಏಷ್ಯದಲ್ಲಿ ಜಪಾನೂ ತಡವಾಗಿ ಎಚ್ಚತ್ತ ರಾಷ್ಟ್ರ. ಇಂತಹ ರಾಷ್ಟ್ರಗಳಿಗೆ ಬ್ಯಾಂಕು, ವಿದ್ಯೆ, ರೈಲುಗಳ ಬಲವನ್ನು ಒದಗಿಸಲು ಸರ್ಕಾರವೇ ಮುಂದಾಗಬೇಕಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಹಿಡಿದದ್ದೂ ಇದೇ ಮಾರ್ಗ. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದುವು. ಮಹಾಯುದ್ಧದಿಂದ ಜರ್ಮನಿಯ ಪೇಟೆ ಮುಚ್ಚಿದಾಗ, ನಮ್ಮ ಶ್ರೀಗಂಧದಿಂದ ನಮ್ಮಲ್ಲಿಯೇ ಎಣ್ಣೆ ತೆಗೆಯುವ ಕಾರ್ಖಾನೆ ಹುಟ್ಟಿತು. ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ರೈಲು ಹರಿಯಿತು.

ಆದರೆ ಅಡಚಣೆಗಳೂ ಅಲ್ಪವಾಗಿರಲಿಲ್ಲ. ಸಂಸ್ಥಾನದಲ್ಲಿ ಕಬ್ಬಿಣದ ಅದುರುಂಟು, ಕಲ್ಲಿದ್ದಲಿಲ್ಲ. ಭದ್ರಾವತಿಯ ಕುಲುಮೆಗೆ ಕಾಡಿನ ಇದ್ದಿಲನ್ನೇ ಉರಿಸಬೇಕಾಯಿತು. ಯುದ್ಧಕಾಲದಲ್ಲಿ ಸಂಕಲ್ಪಿತವಾದ ಆ ಕಾರ್ಖಾನೆ 1923ರಲ್ಲಿ ಕೆಲಸಕ್ಕೆ ತೊಡಗುವ ವೇಳೆಗೆ ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟವನ್ನು ತಗ್ಗಿಸುವ ಭಾರವನ್ನು ಮತ್ತೆ ಅವರೇ ಹೊತ್ತರು. ಕಾಲದ ಲೆಕ್ಕ ತಪ್ಪಿತೆಂದು ಆಕ್ಷೇಪಿಸುವವರೊಡನೆ ನಾವು ವಾದಕ್ಕಿಳಿಯೆವು. ಆದರೆ ಸುಂಕದ ಹತೋಟಿ ಪರಕೀಯ ಸರ್ಕಾರದ ಕೈಯಲ್ಲಿತ್ತೆಂಬುದನ್ನು ಅವರು ಮರೆಯಲಾಗದು. ಭಟ್ಕಳದಲ್ಲಿ ಸಂಸ್ಥಾನಕ್ಕೊಂದು ಬಂದರನ್ನು ಪಡೆಯುವ ಅವರ ಯತ್ನ ಕೈಗೂಡಲಿಲ್ಲ. ಮೋಟಾರು ಕಾರ್ಖಾನೆಗಾಗಿ 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದರೂ ಭಾರತ ಸರ್ಕಾರದ ಒತ್ತಾಸೆ ದೊರೆಯಲಿಲ್ಲ.

1962ರಲ್ಲಿ ಅವರು ಕಾಲವಾದರು. ಸಕಲೇಶಪುರದಿಂದ ಘಟ್ಟವಿಳಿದು ಮಂಗಳೂರನ್ನು ಮುಟ್ಟುವ ರೈಲುದಾರಿ ಸಿದ್ಧವಾದದ್ದು 1979ರಲ್ಲಿ. ಅಷ್ಟು ಹೊತ್ತಿಗೆ ಬೆಟ್ಟವೂ ಬಂದರೂ ಒಂದೇ ಕನ್ನಡ ರಾಜ್ಯಕ್ಕೆ ಸೇರಿದ್ದುವು. ಬುದ್ಧಿಯೂ ಶ್ರಮವೂ ನಮ್ಮಲ್ಲಿ ಎಂದೂ ಕಡಮೆಯಾಗಿರಲಿಲ್ಲ. ನಮ್ಮ ದಾರಿಯನ್ನು ನಾವೇ ನಿಶ್ಚಯಿಸುವ ಅಧಿಕಾರ ಮಾತ್ರ ಇರಲಿಲ್ಲ. ಆ ಅಧಿಕಾರ ಕೈಸೇರಿದ ಮೇಲೂ ನಾವು ಸುಮ್ಮನೆ ಕುಳಿತರೆ, ಆ ದೋಷವನ್ನು ಹೊರಿಸಲು ಪರಕೀಯರು ಸಿಕ್ಕುವುದಿಲ್ಲ. ಆ ಕರ್ಮಯೋಗಿಯ ಜೀವಿತದಿಂದ ನಾವು ಗ್ರಹಿಸಬೇಕಾದ ಪಾಠವಿದು.